ಮಳೆ ಅಲ್ಲೆಲ್ಲೋ, ಹಳ್ಳ ಇಲ್ಲಿ



ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಸ್ಟುಡಿಯೋಗೆ ಫೋನ್ ಮಾಡಿದ ಕೇಳುಗರೊಬ್ಬರು ಹಾಡು ಕೇಳಲಿಲ್ಲ, ಒಂದು ಪ್ರಶ್ನೆ ಕೇಳಿದರು. ಮೂಲ ಊರು ಗದಗ ಕಡೆ, ಈಗ ಪುಣೆಯಲ್ಲಿ ಸಂಸಾರ. ಹಿಂದಿನ ವಾರ ಮನೆಮಂದಿಯೆಲ್ಲ ಘಟ್ಟದ ಕಡೆ ಹೋಗಿದ್ದರಂತೆ. ಬಂಡೆಗಳ ನಡುವೆ ಮೊಣಕಾಲುದ್ದವೂ ಇಲ್ಲದ ತಿಳಿನೀರು, ಮೇಲೆ ಎಳೆಬಿಸಿಲು. ಮಕ್ಕಳು ನೀರಿನಲ್ಲಿ, ದೊಡ್ಡವರು ದಂಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು.

"ಒಂದು ಹನಿ ಮಳಿ ಇರಲಿಲ್ಲ ನೋಡ್ರಿ. ಇದ್ದಕ್ಕಿದ್ದಂಗ ನೀರು ಕೆಂಪಾತು. ನಮ್ಮ ಅತ್ತಿಯವರೊಬ್ಬರೇ, ಏಳ್ರಿ ಏಳ್ರಿ, ಹಳ್ಳ ಬಂತು ಅಂತ ಚೀರಿದ್ರು. ಹುಡುಗರನ್ನ ಎಳಕೊಂಡು ಮ್ಯಾಲೆ ಹತ್ತೂದಕ್ಕೂ, ಬುತ್ತಿ ಡಬ್ಬಿ, ಚಪ್ಪಲಿ ಎಲ್ಲಾ ತೇಲಿ ಹೋಗೂದಕ್ಕೂ ಸರಿ ಆತು. ಮಳೀನ ಇಲ್ಲ ಅಂದ ಮ್ಯಾಲ ಆ ನೀರು ಎಲ್ಲಿಂದ ಬಂತ್ರಿ?"

ಅಂದು ಕಾರ್ಯಕ್ರಮದ ವೇಳೆ ಮುಗಿಯುತ್ತಾ ಬಂದಿತ್ತು. ಎರಡು ಮಾತು ಹೇಳಿ ಹಾಡು ಹಾಕಿದೆವು. ಆದರೆ ಅದು ಎರಡು ಮಾತಿನಲ್ಲಿ ಮುಗಿಯುವ ಪ್ರಶ್ನೆಯಲ್ಲ. ನಮ್ಮ ಕೇಳುಗರಲ್ಲಿ ಮುಂಬಯಿ, ಪುಣೆಯವರು ರಜೆ ಬಂದರೆ ಲೋಣಾವಳಕ್ಕೋ ಮಾಲ್ಶೇಜ್ ಘಾಟಿಗೋ ಹೋಗುತ್ತೀರಿ. ಚೆನ್ನೈನವರಿಗೆ ಕುತ್ತಾಲಂ ಇದೆ, ದೆಹಲಿಯವರಿಗೆ ಹಿಮಾಲಯವೇ ಇದೆ. ಎಲ್ಲ ಕಡೆಯೂ ನಾವು ಹೋಗಿ ಕೂರುವುದು ಹರಿಯುವ ನೀರಿನ ಪಕ್ಕದಲ್ಲೇ. ಹಾಗಾಗಿ ಈ ಸಲದ ಸಂಚಿಕೆಯಲ್ಲಿ ಆ ಪ್ರಶ್ನೆಗೆ ನಿಧಾನವಾಗಿ ಉತ್ತರ ಬರೆಯೋಣ ಅಂತ.

ಮೊದಲು ಆ ಅತ್ತೆಯವರ ಮಾತನ್ನು ಗಮನಿಸಿ. ಅವರು 'ಪ್ರವಾಹ' ಅನ್ನಲಿಲ್ಲ, 'ಹಳ್ಳ ಬಂತು' ಅಂದರು. ನವಲಗುಂದ, ರೋಣದ ಕಡೆ ಬೆಣ್ಣೆಹಳ್ಳದ ದಂಡೆಯ ಊರವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹಳ್ಳ ಎಂದರೆ ಅಲ್ಲಿ ವರ್ಷದ ಬಹುಪಾಲು ಒಣ ಮರಳೋ, ಸಣ್ಣಗೆ ಹರಿಯುವ ನೀರೋ ಇರುವ ದಾರಿ. ಮೇಲಿನ ಸೀಮೆಯಲ್ಲಿ ಮಳೆಯಾದರೆ ಹಳ್ಳ 'ಬರುತ್ತದೆ', ನೆಂಟರು ಬಂದ ಹಾಗೆ, ಹೇಳದೆ ಕೇಳದೆ. ಮಳೆ ಒಂದು ಕಡೆ, ನೀರು ಇನ್ನೊಂದು ಕಡೆ ಎಂಬ ವಿಷಯ ಆ ಒಂದು ಕ್ರಿಯಾಪದದಲ್ಲೇ ಅಡಗಿದೆ. ನಗರ ಸೇರಿದ ಮೇಲೆ ನಾವು ಮರೆತಿರುವುದು ಇದನ್ನೇ. ನಮಗೆ ಮಳೆ ಅಂದರೆ ನಮ್ಮ ಕಿಟಕಿಯ ಹೊರಗೆ ಕಾಣುವ ಮಳೆ ಮಾತ್ರ.

ಈಗ ಮೇಲೆ ನಡೆಯುವುದೇನು ನೋಡೋಣ. ಮುಂಗಾರಿನ ಜಿಟಿಜಿಟಿ ಮಳೆ ನೂರಾರು ಕಿಲೋಮೀಟರ್ ಉದ್ದಗಲಕ್ಕೆ ಹರಡಿಕೊಂಡು ಸುರಿಯುತ್ತದೆ. ಗುಡುಗು ಮಳೆಯ ರೀತಿ ಬೇರೆ. ಬಿಸಿಲಿಗೆ ಕಾದ ನೆಲದ ಮೇಲಿನ ಬಿಸಿ ಗಾಳಿ ತೇವವನ್ನು ಹೊತ್ತುಕೊಂಡು ನೇರ ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡ ಅಡ್ಡಕ್ಕೆ ಹರಡುವ ಬದಲು ಉದ್ದಕ್ಕೆ ಬೆಳೆಯುತ್ತದೆ. ಹೂಕೋಸಿನಂತೆ ಉಬ್ಬುಬ್ಬಿಕೊಂಡು 12 ರಿಂದ 15 ಕಿಲೋಮೀಟರ್ ಎತ್ತರಕ್ಕೆ ಏರುವುದೂ ಉಂಟು. ಎವರೆಸ್ಟ್ ಶಿಖರದ ಎತ್ತರವೇ 9 ಕಿಲೋಮೀಟರಿಗಿಂತ ಕಡಿಮೆ ಎಂಬುದನ್ನು ನೆನೆದರೆ ಇದೆಂಥ ಗೋಪುರ ಎಂದು ಅಂದಾಜಾದೀತು. ಹವಾಮಾನದವರು ಇದನ್ನು ಕ್ಯುಮುಲೋನಿಂಬಸ್ ಎನ್ನುತ್ತಾರೆ. ಇಷ್ಟು ಎತ್ತರದ ಮೋಡದ ಬುಡ ಮಾತ್ರ ಕೆಲವೇ ಕಿಲೋಮೀಟರ್ ಅಗಲ. ಆದ್ದರಿಂದಲೇ ಒಂದು ಬಡಾವಣೆಯಲ್ಲಿ ಧಾರಾಕಾರ ಮಳೆ, ಪಕ್ಕದ ಬಡಾವಣೆಯಲ್ಲಿ ಒಣಹಾಕಿದ ಬಟ್ಟೆಯೂ ನೆನೆಯದ ಸ್ಥಿತಿ.

ಬಯಲಿನಲ್ಲಿ ಇಂಥ ಮೋಡದ ಆಯುಷ್ಯ ಅರ್ಧ ಗಂಟೆಯೋ ಒಂದು ಗಂಟೆಯೋ ಅಷ್ಟೇ. ಮೇಲ್ಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತದೆ, ದಾರಿಯುದ್ದಕ್ಕೂ ಮಳೆ ಚೆಲ್ಲುತ್ತಾ ಕರಗುತ್ತದೆ. ಗುಡ್ಡಗಾಡಿನಲ್ಲಿ ಲೆಕ್ಕ ತಪ್ಪುತ್ತದೆ. ಬೀಸಿ ಬಂದ ತೇವದ ಗಾಳಿ ಗುಡ್ಡಕ್ಕೆ ಬಡಿದು ಇಳಿಜಾರು ಹತ್ತಲೇಬೇಕು. ಹತ್ತಿದಂತೆಲ್ಲ ಅದೇ ಜಾಗದಲ್ಲಿ ಮೋಡ ಕಟ್ಟುತ್ತದೆ. ಮೇಲ್ಗಾಳಿ ಮಂದವಾಗಿದ್ದ ದಿನವಂತೂ ಆ ಮೋಡ ಕದಲುವುದೇ ಇಲ್ಲ. ಒಂದು ಮೋಡ ಸುರಿದು ಖಾಲಿಯಾಗುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಹುಟ್ಟಿ ನಿಂತಿರುತ್ತದೆ. ಹೀಗೆ ಒಂದೇ ಗುಡ್ಡದ ನೆತ್ತಿಯ ಮೇಲೆ ಎರಡು ಮೂರು ಗಂಟೆ ಸುರಿದರೆ ಏನಾದೀತು?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಹವಾಮಾನ ಇಲಾಖೆ 20-30 ಚದರ ಕಿಲೋಮೀಟರ್ ಪ್ರದೇಶದಲ್ಲಿ ಗಂಟೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ಅದನ್ನು ಮೇಘಸ್ಫೋಟ ಎನ್ನುತ್ತದೆ. ಹಾಗೆ ಬಿದ್ದರೆ ಒಂದೊಂದು ಚದರ ಕಿಲೋಮೀಟರಿಗೆ 10 ಕೋಟಿ ಲೀಟರ್. ಬೇಸಿಗೆಯಲ್ಲಿ ನಮ್ಮ ಸೊಸೈಟಿಗಳಿಗೆ ನೀರು ತರುತ್ತದಲ್ಲ, 10 ಸಾವಿರ ಲೀಟರಿನ ಟ್ಯಾಂಕರ್, ಅಂಥ 10 ಸಾವಿರ ಟ್ಯಾಂಕರ್. 20 ಚದರ ಕಿಲೋಮೀಟರ್ ಎಂದರೆ 2 ಲಕ್ಷ ಟ್ಯಾಂಕರ್ ನೀರು, ಒಂದೇ ಗಂಟೆಯಲ್ಲಿ, ನೀವು ಕಾಲು ಇಳಿಬಿಟ್ಟು ಕೂತ ಆ ಪುಟ್ಟ ತೊರೆಯ ತಲೆಯ ಮೇಲೆ. (ಅಂದಹಾಗೆ, ಮೋಡವೇನೂ ಬಲೂನಿನಂತೆ ಒಡೆಯುವುದಿಲ್ಲ. 'ಸ್ಫೋಟ' ಎಂಬ ಹೆಸರು ಹೇಗೋ ಅಂಟಿಕೊಂಡಿದೆ. ಈಗಂತೂ ಟೀವಿಯವರು ಗುಡ್ಡದಲ್ಲಿ ಜೋರು ಮಳೆ ಬಂದರೆ ಸಾಕು, ಅಳೆಯದೆಯೇ ಮೇಘಸ್ಫೋಟ ಎಂದು ಕೂಗಿಬಿಡುತ್ತಾರೆ.)

ದೊಡ್ಡ ನದಿಗೆ ಇಷ್ಟು ನೀರು ಬಂದರೆ ಅದು ಅರಗಿಸಿಕೊಂಡೀತು. ಕೃಷ್ಣೆಗೆ ಮಹಾಪೂರ ಬರುವುದು ದಿನಗಟ್ಟಲೆ ಮಳೆಯಾದ ಮೇಲೆ. ಅಣೆಕಟ್ಟಿನ ಮಟ್ಟ ಇಷ್ಟಾಯಿತು, ಇಷ್ಟು ನೀರು ಬಿಟ್ಟರು ಎಂದು ನಾವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ, ಜನ ಸಾಮಾನು ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಗುಡ್ಡದ ತೊರೆಗೆ ಅಂಥ ಸಾವಧಾನವಿಲ್ಲ. ಅದರ ಜಲಾನಯನ ಪ್ರದೇಶ ಚಿಕ್ಕದು, ಇಳಿಜಾರು ಕಡಿದು, ಬಂಡೆಯ ಮೇಲೆ ಮಣ್ಣು ತೆಳು. ಬಿದ್ದ ನೀರನ್ನು ಹೀರಿಕೊಳ್ಳುವವರಿಲ್ಲ. ಮಳೆಗಾಲದ ಕೊನೆಯಲ್ಲಂತೂ ಇರುವಷ್ಟು ಮಣ್ಣೂ ಒದ್ದೆ ಅರಳೆಯಂತೆ ನೆನೆದಿರುತ್ತದೆ. ಎಲ್ಲ ದಿಕ್ಕಿನ ನೀರೂ ಒಂದೇ ಕೊಳ್ಳಕ್ಕೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಸೇರುತ್ತದೆ. ಮಳೆಯಾದ 6 ಗಂಟೆಯೊಳಗೆ ಬರುವ ನೆರೆಯನ್ನು ಹಠಾತ್ ಪ್ರವಾಹ ಎನ್ನುವುದು ವಾಡಿಕೆ. ಸಣ್ಣ ತೊರೆಗಳಲ್ಲಿ ಅದು ಅರ್ಧ ಗಂಟೆಯಲ್ಲೂ ಬಂದೀತು.

ಇದರ ಜೊತೆಗೆ ಇನ್ನೊಂದು ಕಿತಾಪತಿ ಇದೆ. ಮೇಲಿನಿಂದ ಬರುವ ನೀರು ಬರಿಗೈಯಲ್ಲಿ ಬರುವುದಿಲ್ಲ. ಬಿದ್ದ ಮರ, ಕೊಂಬೆ, ಕಲ್ಲು, ಮಣ್ಣು ಎಲ್ಲವನ್ನೂ ಬಾಚಿಕೊಂಡು ಬರುತ್ತದೆ. ಕೊಳ್ಳ ಕಿರಿದಾದ ಕಡೆ, ಅಥವಾ ರಸ್ತೆಯಡಿಯ ಮೋರಿಯ ಬಾಯಲ್ಲಿ, ಇದೆಲ್ಲ ಸಿಕ್ಕಿಕೊಂಡು ತಾತ್ಕಾಲಿಕ ಒಡ್ಡಾಗುತ್ತದೆ. ಆಗ ಕೆಳಗಿನವರಿಗೆ ಕಾಣುವುದೇನು? ನೀರು ಹೆಚ್ಚುವ ಬದಲು ಕಡಿಮೆಯಾಗುತ್ತದೆ! "ಅಬ್ಬ, ಇಳಿಯಿತು" ಎಂದು ಸಮಾಧಾನಪಡುವಷ್ಟರಲ್ಲಿ ಒಡ್ಡು ಒಡೆದು ಹಿಂದೆ ನಿಂತ ನೀರೆಲ್ಲ ಗೋಡೆಯಂತೆ ನುಗ್ಗುತ್ತದೆ. ಮಳೆ ಬಂದ ದಿನ ತೊರೆ ಕಾರಣವಿಲ್ಲದೆ ಬತ್ತಿದರೆ ಅದು ಶುಭ ಸೂಚನೆಯಲ್ಲ.

ಇದನ್ನೆಲ್ಲ ಹವಾಮಾನ ತಜ್ಞರು ಇವತ್ತಿಗೂ ಪಾಠವಾಗಿ ಓದುವ ಒಂದು ರಾತ್ರಿ ಇದೆ. ಅದು ನಮ್ಮ ದೇಶದ್ದಲ್ಲ, ಅಮೆರಿಕದ ಕೊಲರಾಡೊ ರಾಜ್ಯದ ಬಿಗ್ ಥಾಂಪ್ಸನ್ ಎಂಬ ಹೊಳೆಯದು. 1976ರ ಜುಲೈ 31, ಶನಿವಾರ. ಮರುದಿನ ಆ ರಾಜ್ಯಕ್ಕೆ ನೂರು ವರ್ಷ ತುಂಬುವ ಹಬ್ಬ. ರಾಕಿ ಪರ್ವತದ ಆ ಕಣಿವೆಯ ತುಂಬ ಪ್ರವಾಸಿಗಳು, ಟೆಂಟುಗಳು, ಹೊಳೆಯಂಚಿನ ವಸತಿಗೃಹಗಳು. ಸಂಜೆ ಆರು ಗಂಟೆಯ ಮೇಲೆ ಕಣಿವೆಯ ಮೇಲ್ಭಾಗದಲ್ಲಿ ಗುಡುಗು ಮೋಡ ಕಟ್ಟಿತು. ಪೂರ್ವದ ತೇವದ ಗಾಳಿ ಇಳಿಜಾರು ಹತ್ತುತ್ತಿತ್ತು, ಮೇಲ್ಗಾಳಿಗೆ ಮೋಡವನ್ನು ತಳ್ಳುವಷ್ಟು ಶಕ್ತಿ ಇರಲಿಲ್ಲ. ಮೋಡ ನಿಂತಲ್ಲೇ ನಿಂತಿತು. ಸುಮಾರು ನಾಲ್ಕು ಗಂಟೆಗಳಲ್ಲಿ ಕೆಲವು ಕಡೆ 300 ಮಿಲಿಮೀಟರ್ ಮಳೆ. ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಮಳೆ ಕಾಣುವ ಒಣ ಸೀಮೆ ಅದು.

ರಾತ್ರಿ ಒಂಬತ್ತರ ಸುಮಾರಿಗೆ ನೆರೆ ಕಣಿವೆಯ ಬಾಯಿಗೆ ಬಂತು. ಕೆಲವೆಡೆ ಆರು ಮೀಟರ್ ಎತ್ತರದ ನೀರು. 144 ಜನ ತೀರಿಕೊಂಡರು, 400ಕ್ಕೂ ಹೆಚ್ಚು ಮನೆಗಳು ಹೋದವು. ಕಣಿವೆಯ ಕೆಳಭಾಗದಲ್ಲಿದ್ದ ಬಹಳ ಮಂದಿಗೆ ತಮ್ಮ ತಲೆಯ ಮೇಲೆ ಹೇಳಿಕೊಳ್ಳುವಂಥ ಮಳೆಯೇ ಬಿದ್ದಿರಲಿಲ್ಲ. ಜನರನ್ನು ಎಚ್ಚರಿಸಲು ಹೋದ ಇಬ್ಬರು ಪೊಲೀಸರೂ ಪ್ರಾಣ ಕಳೆದುಕೊಂಡರು. "ಹೊರಡಿ" ಎಂದು ಹೇಳಿದರೂ ಎಷ್ಟೋ ಜನ ನಂಬಿರಲಿಲ್ಲ.

ಆಮೇಲೆ ತಜ್ಞರು ಬದುಕಿದವರನ್ನೂ ಸತ್ತವರನ್ನೂ ಲೆಕ್ಕ ಹಾಕಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಕಾರು ಹತ್ತಿ ರಸ್ತೆಗುಂಟ ಕೆಳಗೆ ಓಡಿದವರಲ್ಲಿ ಎಷ್ಟೋ ಜನ ಸಿಕ್ಕಿಬಿದ್ದರು. ರಸ್ತೆ ಹೊಳೆಯ ಪಕ್ಕದಲ್ಲೇ ಇತ್ತು, ನೀರು ಅವರ ಹಿಂದೆಯೇ ಬಂತು. ಕಾರು ಬಿಟ್ಟು ಪಕ್ಕದ ಗುಡ್ಡ ಹತ್ತಿದವರು, ಚಳಿಯಲ್ಲಿ ನೆನೆದು ಕೂತರೂ, ಬೆಳಗು ಕಂಡರು. ಆ ಘಟನೆಯ ನಂತರ ಕೊಲರಾಡೊದ ಕಣಿವೆ ರಸ್ತೆಗಳಲ್ಲಿ 'ನೆರೆ ಬಂದರೆ ಮೇಲಕ್ಕೆ ಹತ್ತಿ' ಎಂಬ ಫಲಕಗಳು ಬಂದವು. ನಮ್ಮ ಘಾಟಿಗಳಲ್ಲಿ 'ಅತಿವೇಗ ಅಪಾಯ' ಎಂಬ ಬೋರ್ಡ್ ಧಾರಾಳ ಇದೆ. ತೊರೆಯ ಪಕ್ಕ ಯಾವ ಕಡೆ ಓಡಬೇಕು ಎಂದು ಹೇಳುವ ಬೋರ್ಡ್ ನಾನಂತೂ ನೋಡಿಲ್ಲ.

ನಮ್ಮ ಲೇಹ್‌ನ ಕಥೆಯೂ ಇದೇ ಜಾತಿಯದು. ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಶೀತಲ ಮರುಭೂಮಿ ಅದು. 2010ರ ಆಗಸ್ಟ್ 5ರ ನಡುರಾತ್ರಿ ಹೊತ್ತಿಗೆ ಗುಡ್ಡಗಳ ಮೇಲೆ ಗುಡುಗು ಮಳೆ ಸುರಿದು, ಒಣ ನಾಲೆಗಳಲ್ಲಿ ಕಲ್ಲು ಮಣ್ಣಿನ ಕೆಸರು ಊರಿಗೆ ನುಗ್ಗಿತು. ಚೋಗ್ಲಮ್‌ಸರ್ ಎಂಬ ಊರಿಗೆ ಪೆಟ್ಟು ಹೆಚ್ಚು. 200ಕ್ಕೂ ಹೆಚ್ಚು ಜನ ಸತ್ತರು. ಅದೇ ದಿನ ಲೇಹ್‌ನ ಮಳೆಮಾಪಕದಲ್ಲಿ ದಾಖಲಾದದ್ದು ಎಷ್ಟು ಗೊತ್ತೇ? 12.8 ಮಿಲಿಮೀಟರ್. ಛತ್ರಿ ಹಿಡಿದು ಪೇಟೆಗೆ ಹೋಗಿಬರಬಹುದಾದ ಮಳೆ! ಸುಳ್ಳು ಹೇಳಿದ್ದು ಮಾಪಕವಲ್ಲ. ಅದರ ತಲೆಯ ಮೇಲೆ ಬಿದ್ದದ್ದು ಅಷ್ಟೇ.

"ನಾವು ಗುಡ್ಡಕ್ಕೂ ಹೋಗುವುದಿಲ್ಲ, ಜಲಪಾತಕ್ಕೂ ಹೋಗುವುದಿಲ್ಲ" ಎನ್ನುವ ಪುಣೆಯ ಕೇಳುಗರು ಇದ್ದೀರಿ. ನಿಮಗೆ 2019ರ ಸೆಪ್ಟೆಂಬರ್ 25ರ ರಾತ್ರಿ ನೆನಪಿರಬೇಕು. ಊರಿಂದ ಬಸ್ಸಿನಲ್ಲಿ ಬರುವಾಗ ಕಾತ್ರಜ್ ಘಾಟಿ ದಾಟಿದರೆ ಪುಣೆ ಬಂತು ಅಂತ ಬ್ಯಾಗು ಇಳಿಸಿಕೊಳ್ಳುತ್ತೇವಲ್ಲ, ಆ ಕಾತ್ರಜ್ ಗುಡ್ಡಗಳಲ್ಲೇ ಅಂಬಿಲ್ ಓಢಾ ಹುಟ್ಟುವುದು. 'ಓಢಾ' ಅಂದರೆ ನಮ್ಮ ಹಳ್ಳವೇ. ಕಾತ್ರಜ್ ಕೆರೆಯ ಮೂಲಕ ಇಳಿದು, ಸಹಕಾರ ನಗರ, ದಾಂಡೇಕರ್ ಪೂಲ್ ಕಡೆಯಿಂದ ಮುಠಾ ನದಿ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಯಾರೂ ಅದನ್ನು ಹಳ್ಳ ಎನ್ನರು, ಗಟಾರ ಎಂದಾರು. ಆ ರಾತ್ರಿ ಗುಡುಗು ಮಳೆಗೆ ಗುಡ್ಡದ ನೀರೆಲ್ಲ ಅದರಲ್ಲಿ ಇಳಿಯಿತು. ಸೊಸೈಟಿಗಳ ಕಾಂಪೌಂಡ್ ಗೋಡೆಗಳು ಬಿದ್ದವು, ಕಾರುಗಳು ಒಂದರ ಮೇಲೊಂದು ಏರಿ ಕೂತವು. ಟಾಂಗೇವಾಲೆ ಕಾಲೊನಿಯಲ್ಲಿ ಗೋಡೆ ಕುಸಿದು ಜನ ಸತ್ತರು. ಬೆಂಗಳೂರು ಹೆದ್ದಾರಿಯ ಖೇಡ್ ಶಿವಾಪುರದಲ್ಲಿ ದರ್ಗಾದಲ್ಲಿ ಮಲಗಿದ್ದವರನ್ನು ನೀರು ಕೊಚ್ಚಿಕೊಂಡು ಹೋಯಿತು. ಪುಣೆ ಜಿಲ್ಲೆಯಲ್ಲಿ ಒಟ್ಟು 20ಕ್ಕೂ ಹೆಚ್ಚು ಜೀವಗಳು ಹೋದವು. ಗುಡ್ಡ ಕಡಿದದ್ದು, ಹಳ್ಳದ ಪಾತ್ರವನ್ನು ಇಕ್ಕೆಲದಿಂದ ಒತ್ತಿ ಕಿರಿದು ಮಾಡಿದ್ದು, ಎಲ್ಲವೂ ಆಮೇಲೆ ಚರ್ಚೆಗೆ ಬಂತು. ಹಳ್ಳ ಮಾತ್ರ ತನ್ನ ಹಳೆಯ ಅಗಲವನ್ನು ಮರೆತಿರಲಿಲ್ಲ.

ಹಾಗಾದರೆ ಮುನ್ಸೂಚನೆ ಇಲ್ಲವೇ? ಇದೆ. ಹವಾಮಾನ ಇಲಾಖೆ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ರಾಡಾರ್ ನೋಡಿ ಮುಂದಿನ ಮೂರು ಗಂಟೆಗಳ ಗುಡುಗು ಮಳೆಯ ಸೂಚನೆಯನ್ನೂ ಕೊಡುತ್ತದೆ. ಮನೆಯಿಂದ ಹೊರಡುವ ಮುಂಚೆ ಅದನ್ನೊಮ್ಮೆ ನೋಡಿ. ಆದರೆ ಜಿಲ್ಲೆಯೆಂದರೆ ಸಾವಿರಾರು ಚದರ ಕಿಲೋಮೀಟರ್, ನೀವು ಕೂತ ತೊರೆಯ ಜಲಾನಯನ ಹತ್ತೋ ಇಪ್ಪತ್ತೋ. ಗುಡ್ಡಗಳು ಅಡ್ಡ ಬಂದರೆ ರಾಡಾರಿಗೂ ಕಣ್ಣು ಕಟ್ಟುತ್ತದೆ. 'ಈ ತೊರೆಗೆ ಇಷ್ಟು ಗಂಟೆಗೆ ನೀರು ಬರುತ್ತದೆ' ಎಂದು ಯಾರೂ ನಿಮಗೆ ಫೋನ್ ಮಾಡಿ ಹೇಳಲಾರರು. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇರಬೇಕಲ್ಲ, ಅದು ಬೇರೆ ಮಾತು. ಕೊನೆಯ ಅರ್ಧ ಗಂಟೆಯ ಹೊಣೆ ನಮ್ಮದೇ.

ಆ ಅರ್ಧ ಗಂಟೆಯಲ್ಲಿ ನೋಡಬೇಕಾದದ್ದು ತಲೆಯ ಮೇಲಿನ ಆಕಾಶವನ್ನಲ್ಲ, ನೀರು ಬರುವ ದಿಕ್ಕಿನ ಆಕಾಶವನ್ನು. ಅಲ್ಲಿ ಕಪ್ಪು ಮೋಡ ಕಟ್ಟಿದ್ದರೆ, ಗುಡುಗು ಕೇಳಿದರೆ, ನಿಮ್ಮ ಮೇಲೆ ಬಿಸಿಲಿದ್ದರೂ ಎದ್ದುಬಿಡಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ ಎಂದು ಲೆಕ್ಕ. ಮಿಂಚಿನ ಭಯಕ್ಕೆ ಈ ಲೆಕ್ಕ ಒಳ್ಳೆಯದು, ನೆರೆಗೆ ಮಾತ್ರ ದೂರ ಎಂದು ನೆಮ್ಮದಿ ಬೇಡ. ಮೋಡ ಹತ್ತು ಕಿಲೋಮೀಟರ್ ಆಚೆ ಇದ್ದರೂ ಅದರ ನೀರು ಬರುವುದು ನಿಮ್ಮ ಕಡೆಗೇ.

ಇನ್ನು ನೀರೇ ಕೊಡುವ ಸೂಚನೆಗಳು. ಹೋಗಿ ಕೂತ ಕೂಡಲೇ ನೀರಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಮಾತಿನ ನಡುವೆ ಆಗಾಗ ಅದರ ಕಡೆ ಕಣ್ಣಿರಲಿ. ಕಲ್ಲು ಮುಳುಗಿದರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ತಿಳಿನೀರು ಬಗ್ಗಡವಾದರೆ, ಎಲೆ ಕಡ್ಡಿ ತೇಲಿ ಬಂದರೆ, ಮೇಲಿನಿಂದ ದೂರದ ರೈಲಿನಂಥ ಮೊರೆತ ಕೇಳಿದರೆ, ಇರುವುದು ನಿಮಿಷಗಳು ಮಾತ್ರ. ಆಗ ಓಡಬೇಕಾದದ್ದು ಕೆಳಕ್ಕಲ್ಲ, ಪಕ್ಕದ ಎತ್ತರಕ್ಕೆ. ನೀರಿನ ಮಧ್ಯದ ಬಂಡೆ ಎಷ್ಟೇ ಎತ್ತರ ಕಂಡರೂ ಅದು ಬಲೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಜಲಪಾತದ ನಡುವೆ ಸಿಕ್ಕಿಕೊಂಡ ಪುಣೆಯ ಕುಟುಂಬ ಒಬ್ಬರನ್ನೊಬ್ಬರು ತಬ್ಬಿ ನಿಂತ ವಿಡಿಯೋ ನೀವೂ ನೋಡಿರುತ್ತೀರಿ. ಅವರಲ್ಲಿ ಐದು ಜನ ಉಳಿಯಲಿಲ್ಲ. ಅದಕ್ಕೆ ತಿಂಗಳೂವರೆ ಮುಂಚೆ, ಮೇ 17ರಂದು, ಹಳೆ ಕುತ್ತಾಲಂ ಜಲಪಾತದಲ್ಲಿ ಬೇಸಿಗೆ ಮಳೆಯ ನೀರು ದಿಢೀರನೆ ಇಳಿದು 17 ವರ್ಷದ ಹುಡುಗನೊಬ್ಬ ತೀರಿಕೊಂಡ. ಮಳೆಗಾಲ ಶುರುವಾಗಿರಲೇ ಇಲ್ಲ.

ಹರಿಯುವ ನೀರಿನ ಬಲ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ರಭಸದ ನೀರು ಗೇಣುದ್ದಕ್ಕಿಂತ ಕಡಿಮೆ, 15 ಸೆಂಟಿಮೀಟರ್, ಇದ್ದರೂ ದೊಡ್ಡವರನ್ನು ಕೆಡವಬಲ್ಲದು. 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ಸರಿಸುತ್ತದೆ, 60 ಸೆಂಟಿಮೀಟರಿನಲ್ಲಿ ದೊಡ್ಡ ಗಾಡಿಗಳೂ ತೇಲುತ್ತವೆ. ರಸ್ತೆಯ ಮೇಲೆ ಹಳ್ಳ ಹರಿಯುತ್ತಿದ್ದರೆ "ಮುಂದಿನ ಗಾಡಿ ಹೋಯ್ತಲ್ಲ" ಎಂಬ ಧೈರ್ಯ ಬೇಡ. ನೀರಿನಡಿ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಕಾಣದು. ಇಂಥ ನೆರೆ ಬಂದಷ್ಟೇ ಬೇಗ ಇಳಿಯುವುದೂ ಉಂಟು, ಒಂದೆರಡು ಗಂಟೆ ಕಾದರೆ ನಷ್ಟವೇನೂ ಇಲ್ಲ.

ಟ್ರೆಕ್ಕಿಂಗ್ ಹೋಗುವ ಹುಡುಗ ಹುಡುಗಿಯರಿಗೆ ಒಂದು ಮಾತು. ಒಣ ಹಳ್ಳದ ಮರಳು ಟೆಂಟು ಹಾಕಲು ಮೆತ್ತಗೆ, ಸಮತಟ್ಟಾಗಿ ಚೆನ್ನಾಗಿರುತ್ತದೆ. ಆ ಮರಳನ್ನು ಅಲ್ಲಿಗೆ ತಂದು ಹಾಸಿದ್ದು ಯಾರು ಎಂದು ಯೋಚಿಸಿ ಆಮೇಲೆ ಗೂಟ ಹೊಡೆಯಿರಿ. ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಮ್ಮ ಕಡೆ ಗುಡುಗು ಮಳೆ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಬೇಗ ಹೋಗಿ ಊಟದ ಹೊತ್ತಿಗೆ ತೊರೆಯಿಂದ ಮೇಲೆ ಬಂದುಬಿಟ್ಟರೆ ಅರ್ಧ ಅಪಾಯ ತಪ್ಪಿತು. ಇನ್ನು ಹಳ್ಳದ ಪಕ್ಕದ ಬಡಾವಣೆಯಲ್ಲಿ ನೆಲಮಹಡಿಯಲ್ಲಿರುವವರು, ರಾತ್ರಿ ಗುಡ್ಡದ ಕಡೆ ಬಿಡದೆ ಮಿಂಚುತ್ತಿದ್ದರೆ ಪಾರ್ಕಿಂಗಿಗೆ ಇಳಿದು ಗಾಡಿ ಉಳಿಸಲು ಹೋಗಬೇಡಿ, ಮನೆಯ ಹಿರಿಯರನ್ನು ಎಬ್ಬಿಸಿಕೊಂಡು ಮೇಲಿನ ಮಹಡಿಯವರ ಬಾಗಿಲು ತಟ್ಟಿ. ತುರ್ತಿಗೆ 112 ಇದ್ದೇ ಇದೆ.

ಈ ಲೇಖನ ಬರೆಯುವ ಮುಂಚೆ ಆ ಕೇಳುಗರಿಗೆ ಮತ್ತೊಮ್ಮೆ ಫೋನ್ ಮಾಡಿದ್ದೆ. ಅತ್ತೆಯವರೇ ಎತ್ತಿಕೊಂಡರು. "ನಿಮಗೆ ಹೆಂಗ ಗೊತ್ತಾತ್ರಿ ಅವ್ವಾರ?" ಎಂದು ಕೇಳಿದೆ. ಚಿಕ್ಕವರಿದ್ದಾಗ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುತ್ತಿದ್ದರಂತೆ. "ನೀರಿನ ಮುಂದ ಕಸ ಬರ್ತದ, ಕಸದ ಮುಂದ ವಾಸನಿ ಬರ್ತದ. ಹಸಿ ಮಣ್ಣಿನ ವಾಸನಿ. ಅಲ್ಲಿ ಮಳೀನ ಇರಲಿಲ್ಲಲ್ಲ, ಮತ್ತ ವಾಸನಿ ಎಲ್ಲಿಂದ ಬರಬೇಕು?" ಅಂದರು. ಬುತ್ತಿ ಡಬ್ಬಿ ಹೋದದ್ದಕ್ಕೆ ಮಾತ್ರ ಅವರಿಗೆ ಇನ್ನೂ ಬೇಸರ ಇದೆ. ತವರಿನಿಂದ ತಂದ ಹಿತ್ತಾಳೆ ಡಬ್ಬಿಯಂತೆ ಅದು.